ಶುಗರ್ ಫ್ರೀ ಕೌಂಟರಿನ ಮುಂದಿನ ಕ್ಯೂ

ನಿನ್ನೆ ತೀರ್ಥಹಳ್ಳಿಯಲ್ಲಿ ನೆಂಟರ ಮನೆ ಉಪನಯನ. ನಮ್ಮ ಕಡೆಯ ಊಟ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅಪ್ಪೆಮಿಡಿ, ಪತ್ರೊಡೆ, ಹೋಳಿಗೆ, ಮೇಲೆ ಕೊಸರಾಗಿ ಎರಡು ಪಾಯಸ. ಅದೆಲ್ಲ ಹಳೆಯದು. ಈ ಸಲ ಹೊಸದೊಂದು ಕಂಡೆ. ಛತ್ರದ ಮೂಲೆಯಲ್ಲಿ ಬೇರೆ ಟೇಬಲ್, ಹಿಂದೆ ಥರ್ಮಾಕೋಲಿನ ಬೋರ್ಡು, ಅದರ ಮೇಲೆ ಹಸಿರು ಮಿನುಗು ಕಾಗದ ಕತ್ತರಿಸಿ ಅಂಟಿಸಿದ ಅಕ್ಷರ: ‘ಶುಗರ್ ಫ್ರೀ ಸ್ವೀಟ್ಸ್’. ‘ಫ್ರೀ’ಯ ದೀರ್ಘ ಅರ್ಧ ಕಿತ್ತು ಜೋತಾಡುತ್ತಿತ್ತು. ಕ್ಯೂ ಮಾತ್ರ ಮಾಮೂಲಿ ಸ್ವೀಟಿನ ಕಡೆಗಿಂತ ಉದ್ದ!

ಕ್ಯೂನಲ್ಲಿ ಮೊದಲು ಕಂಡವರು ನಮ್ಮ ಭಾವ. ಹದಿನಾರು ವರ್ಷದಿಂದ ಶುಗರ್ ಇರುವವರು. ಕೈಯಲ್ಲಿ ದೊನ್ನೆ, ದೊನ್ನೆಯಲ್ಲಿ ನಾಲ್ಕು ಗೋಡಂಬಿ ಬರ್ಫಿ. ನನ್ನನ್ನು ನೋಡಿ, “ಏ ಮಾರಾಯ್ತಿ, ಇದ್ರಲ್ಲಿ ಸಕ್ಕರೆ ಇಲ್ಲ. ನೀನೂ ತಗಾ” ಅಂದರು. ಎಂತಾ ಧಾರಾಳ!

ನಾನು ಬಡಿಸುವ ಹುಡುಗನನ್ನು ಕೇಳಿದೆ, ಇದಕ್ಕೆ ಎಂತ ಹಾಕ್ತೀರಿ ಅಂತ. “ಶುಗರ್ ಫ್ರೀ ಪುಡಿ ಮೇಡಂ. ಉಳಿದಿದ್ದೆಲ್ಲ ಒರಿಜಿನಲ್. ಗೋಡಂಬಿ, ಕೋವಾ, ತುಪ್ಪ” ಅಂದ. ಪಾಪ, ಅವನೇನೂ ಸುಳ್ಳು ಹೇಳಲಿಲ್ಲ. ಸುಳ್ಳಿದ್ದದ್ದು ನಮ್ಮ ತಲೆಯಲ್ಲಿ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ಈ ಚಾಳಿ ಹೋಗುವುದಿಲ್ಲ, ಸಹಿಸಿಕೊಳ್ಳಿ. ಸಕ್ಕರೆ 100 ಗ್ರಾಂಗೆ ಸುಮಾರು 400 ಕ್ಯಾಲರಿ. ಗೋಡಂಬಿ 550ಕ್ಕೂ ಜಾಸ್ತಿ. ತುಪ್ಪ 900ರ ಹತ್ತಿರ. ಅಂದರೆ ಬರ್ಫಿಯಲ್ಲಿ ಇವೆರಡರ ಮುಂದೆ ತೂಕಕ್ಕೆ ತೂಕ ಕಡಿಮೆ ಕ್ಯಾಲರಿ ಇರುವುದು ಸಕ್ಕರೆಗೇ! ಅದನ್ನು ತೆಗೆದರು. ಬದಲಿಗೆ ಹಾಕುವ ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಚಿಟಿಕೆ ಸಾಕು. ಹಾಗಾದ್ರೆ ಸಕ್ಕರೆ ಖಾಲಿ ಮಾಡಿದ ಜಾಗ ಯಾವುದರಿಂದ ತುಂಬಿತು? ಇನ್ನಷ್ಟು ಗೋಡಂಬಿಯಿಂದ, ಇನ್ನಷ್ಟು ಕೋವಾದಿಂದ. ಭಾವನ ದೊನ್ನೆ ಹಗುರವಾಗಲಿಲ್ಲ.

ಸಕ್ಕರೆ ಇಲ್ಲ ಅಂದ್ರೆ ಸಕ್ಕರೆ ಇಲ್ಲ ಅಂತಷ್ಟೇ ಅರ್ಥ. ಕೊಬ್ಬಿಲ್ಲ ಅಂತಲ್ಲ, ಮೈದಾ ಇಲ್ಲ ಅಂತಲ್ಲ, ನಾಲ್ಕು ತಿನ್ನಬಹುದು ಅಂತ ಖಂಡಿತ ಅಲ್ಲ. ಇಷ್ಟು ಸಣ್ಣ ವಿಷಯ ಯಾಕೆ ಯಾರ ತಲೆಗೂ ಹೋಗುವುದಿಲ್ಲ?

ಇನ್ನು ಕೆಲವು ಸಕ್ಕರೆ ಇಲ್ಲದ ಚಾಕಲೇಟು, ಬಿಸ್ಕತ್ತುಗಳಲ್ಲಿ ಮಾಲ್ಟಿಟಾಲ್ ಅಂತ ಇನ್ನೊಂದು ಬದಲಿ ಸಿಹಿ ಇರುತ್ತೆ. ಅದರಲ್ಲೂ ಸಕ್ಕರೆಯ ಅರ್ಧಕ್ಕಿಂತ ಜಾಸ್ತಿ ಕ್ಯಾಲರಿ ಇದೆ, ರಕ್ತದ ಸಕ್ಕರೆಯನ್ನೂ ಒಂದಷ್ಟು ಏರಿಸುತ್ತೆ. ಜಾಸ್ತಿ ತಿಂದರೆ ಮಾರನೇ ದಿನ ಬೆಳಿಗ್ಗೆ ಏನಾಗುತ್ತೆ ಅಂತ ಇಲ್ಲಿ ಬರೆಯುವುದಿಲ್ಲ, ನೀವು ತಿಂಡಿ ತಿನ್ನುತ್ತಾ ಓದುತ್ತಿರಬಹುದು.

ಈಗ ನನ್ನ ವಿಷಯ. ಡಾಕ್ಟರು ‘ಬಾರ್ಡರಿನಲ್ಲಿದೀರಿ, ತೂಕ ಇಳಿಸಿ’ ಅಂದ ವರ್ಷದಿಂದ ನನ್ನ ವ್ಯಾನಿಟಿ ಬ್ಯಾಗಿನಲ್ಲಿ, ಕಾಫಿಗೆ ಸಕ್ಕರೆ ಬದಲು ಹಾಕುವ ಸಿಹಿ ಮಾತ್ರೆಯ ಆ ಪುಟ್ಟ ಡಬ್ಬಿ ಇತ್ತು. ಟಿಕ್ ಅಂತ ಒತ್ತಿದರೆ ಒಂದು ಮಾತ್ರೆ ಬೀಳುತ್ತೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಟಿಕ್ ಟಿಕ್ ಮಾಡುವುದರಲ್ಲಿ ನನಗೊಂದು ಹೆಮ್ಮೆ ಬೇರೆ. ನಾಲ್ಕು ವರ್ಷ, ದಿನಕ್ಕೆ ಐದು ಲೋಟ ಕಾಫಿ. 64 ಕೇಜಿ ಇದ್ದವಳು 71 ಆದೆ. ಮಾತ್ರೆಗೇ ಬೈದೆ. ಆಮೇಲೆ ಒಂದು ಭಾನುವಾರ ಪೆನ್ನು ಹಿಡಿದು ಕೂತೆ. ಒಂದು ಚಮಚ ಸಕ್ಕರೆಗೆ 20 ಕ್ಯಾಲರಿ, ಐದು ಲೋಟಕ್ಕೆ 100. ಅಷ್ಟು ಉಳಿಸಿದ್ದೆ. ಆ ಹೆಮ್ಮೆಯಲ್ಲಿ ಸಂಜೆ ಗಾಂಧಿ ಬಜಾರಿನಿಂದ ತಂದ ಬಾಳೆಕಾಯಿ ಚಿಪ್ಸ್ ಒಂದು ಬಟ್ಟಲು, ಐವತ್ತು ಗ್ರಾಂ ಹಿಡಿಯಿರಿ, 250. ನೂರು ಉಳಿಸಿ ಇನ್ನೂರೈವತ್ತು ಖರ್ಚು. ಎಂಟನೇ ಕ್ಲಾಸಿನ ಹುಡುಗ ಹೀಗೆ ಲೆಕ್ಕ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ.

ಬೇರೆಯವರ ಮಾತೂ ಕೇಳಿ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಅಂತ ಈ ಬದಲಿ ಸಿಹಿಗಳನ್ನು ಬಳಸಬೇಡಿ ಅಂತ ಸಲಹೆ ಕೊಟ್ಟಿತು. ಸ್ಟೀವಿಯಾನೂ ಆ ಪಟ್ಟಿಯಲ್ಲಿದೆ, ‘ಎಲೆಯಿಂದ ಬಂದದ್ದು’ ಅಂತ ಹಿಗ್ಗುವವರು ಗಮನಿಸಿ. ಆಗಲೇ ಶುಗರ್ ಇದ್ದವರಿಗೆ ಆ ಸಲಹೆ ಅಲ್ಲ, ಅದನ್ನೂ ಹೇಳಿಬಿಡಬೇಕು. ಅಮೆರಿಕದಲ್ಲಿ 1985-86ರಲ್ಲಿ ಶುರುವಾದ ಕಾರ್ಡಿಯಾ ಅನ್ನುವ ಅಧ್ಯಯನದಲ್ಲಿ ಹರೆಯದವರನ್ನು ಸೇರಿಸಿಕೊಂಡು ಎರಡು ದಶಕಕ್ಕೂ ಜಾಸ್ತಿ ಹಿಂಬಾಲಿಸಿದರು. ಆಸ್ಪರ್ಟೇಮ್, ಸ್ಯಾಕರಿನ್ ಅನ್ನುವ ಬದಲಿ ಸಿಹಿಗಳನ್ನು ಜಾಸ್ತಿ ತೆಗೆದುಕೊಂಡವರ ಹೊಟ್ಟೆಯೊಳಗೆ, ಸ್ನಾಯುಗಳ ನಡುವೆ ಕೊಬ್ಬು ಜಾಸ್ತಿ ಕಂಡಿತು. ಸುಕ್ರಲೋಸಿಗೆ ಅಂಥ ನಂಟು ಕಾಣಲಿಲ್ಲ. 2022ರಲ್ಲಿ ಇಸ್ರೇಲಿನವರು 120 ಆರೋಗ್ಯವಂತರ ಮೇಲೆ ಪ್ರಯೋಗ ಮಾಡಿದಾಗ, ಎರಡು ವಾರ ಸ್ಯಾಕರಿನ್ ಅಥವಾ ಸುಕ್ರಲೋಸ್ ತಿಂದವರಲ್ಲಿ ದೇಹ ಗ್ಲೂಕೋಸನ್ನು ನಿಭಾಯಿಸುವ ರೀತಿಯೇ ಏರುಪೇರಾಯಿತು. ಎಲ್ಲರಿಗೂ ಒಂದೇ ಥರ ಅಲ್ಲ, ಅವರವರ ಕರುಳಿನ ಬ್ಯಾಕ್ಟೀರಿಯಾದ ಮೇಲೆ ಹೋಗುತ್ತೆ. ಕ್ಯಾಲರಿ ಇಲ್ಲ ಅಂದ ಮಾತ್ರಕ್ಕೆ ಮೈಗೆ ಗೊತ್ತೇ ಆಗುವುದಿಲ್ಲ ಅಂತ ನಂಬಿದ್ದೆವಲ್ಲ, ಅದು ಸುಳ್ಳು.

ಇದನ್ನು ಬರೆದರೆ ನನ್ನ ಮಗ ಬರುತ್ತಾನೆ, ಗೊತ್ತು. “ಅಮ್ಮ, ದಪ್ಪ ಇರೋರೇ ಡಯೆಟ್ ಕೋಲಾ ಕುಡಿಯೋದು. ಕೋಲಾದಿಂದ ದಪ್ಪ ಆದ್ರು ಅಂತ ಹೇಗೆ ಹೇಳ್ತೀಯ? ಸಕ್ಕರೆ ಪಾನೀಯ ಬಿಟ್ಟು ಡಯೆಟ್ ಕುಡಿದವರು ಸ್ವಲ್ಪ ಇಳಿದಿದಾರೆ, ಪ್ರಯೋಗ ಇದೆ” ಅಂತಾನೆ. ಸರಿ ಕಣೋ. ಒಪ್ಪಿದೆ. ದಿನಾ ಎರಡು ಲೀಟರ್ ಕೋಲಾ ಕುಡಿಯುವವನಿಗೆ ಅದು ಉಪಕಾರವೇ. ಆದರೆ ನಮ್ಮ ಮಲೆನಾಡಿನಲ್ಲಿ ಎರಡು ಲೀಟರ್ ಕೋಲಾ ಕುಡಿಯುವವರು ಎಷ್ಟು ಜನ? ನಮ್ಮ ಸಿಹಿ ಇರುವುದು ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಯಲ್ಲಿ. ನಮ್ಮ ಹೊಟ್ಟೆ ಇರುವುದು ಅನ್ನದಲ್ಲಿ, ಕರಿದದ್ದರಲ್ಲಿ, ಊಟವಾದ ಮೇಲೆ ಮಂಚ ಹುಡುಕುವುದರಲ್ಲಿ. ಆ ಒಂದು ಚಮಚದ ಬದಲು ಮಾತ್ರೆ ಹಾಕಿ ದೊಡ್ಡ ತ್ಯಾಗ ಮಾಡಿದವರ ಹಾಗೆ ಮುಖ ಮಾಡಿಕೊಂಡು ಇನ್ನೆರಡು ಹೋಳಿಗೆ ಹಾಕಿಸಿಕೊಳ್ಳುತ್ತೇವಲ್ಲ, ನನ್ನ ಸಿಟ್ಟು ಅದರ ಮೇಲೆ.

ಇನ್ನೊಂದು ಪಂಗಡ ಇದೆ. “ಸಕ್ಕರೆ ವಿಷ, ನಾವು ಬರೀ ಜೋನಿ ಬೆಲ್ಲ” ಅನ್ನುವವರು. ಆಲೆಮನೆಯಿಂದ ಬಂದ ಜೋನಿ ಬೆಲ್ಲ, ದೋಸೆ, ಬೆಣ್ಣೆ ಅಂದ್ರೆ ನಾನೂ ಸೋಲುವವಳೇ. ಆದರೆ ಅದೂ ಕಬ್ಬಿನ ಹಾಲಿನಿಂದಲೇ ಬಂದದ್ದು ಸ್ವಾಮಿ. ರಕ್ತಕ್ಕೆ ಅದು ಆಲೆಮನೆಯದ್ದೋ ಫ್ಯಾಕ್ಟರಿಯದ್ದೋ ಗೊತ್ತಾಗುವುದಿಲ್ಲ.

ಅಂದ ಹಾಗೆ ಈ ಸುಕ್ರಲೋಸ್ ಸಿಕ್ಕಿದ ಕಥೆ ಚೆನ್ನಾಗಿದೆ. 1976ರಲ್ಲಿ ಲಂಡನ್ನಿನ ಲ್ಯಾಬಿನಲ್ಲಿ ನಮ್ಮವರೇ ಆದ ಶಶಿಕಾಂತ್ ಫಡ್ನಿಸ್ ಅನ್ನುವವರಿಗೆ ‘ಟೆಸ್ಟ್ ಮಾಡು’ ಅಂದರೆ ಅವರಿಗೆ ‘ಟೇಸ್ಟ್ ಮಾಡು’ ಅಂತ ಕೇಳಿಸಿತಂತೆ. ನಾಲಿಗೆಗೆ ಹಚ್ಚಿಕೊಂಡೇ ಬಿಟ್ಟರು! ನಮ್ಮ ಭಾವನಿಗೂ ಹಾಗೇ, ಡಾಕ್ಟರು ಟೆಸ್ಟ್ ಮಾಡಿಸಿ ಅಂದಾಗಲೆಲ್ಲ ಟೇಸ್ಟ್ ಅಂತಲೇ ಕೇಳಿಸುತ್ತೆ.

ನಿನ್ನೆ ಬರುವಾಗ ಬಸ್ಸು ಮಂಡಗದ್ದೆ ದಾಟುವವರೆಗೂ ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಭಾವನಿಗೆ ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ, ಯಾಕಂದ್ರೆ ನನ್ನ ಕೈಯಲ್ಲೂ ಒಂದು ಬರ್ಫಿ ಇತ್ತು. ಹೌದು, ಇತ್ತು. ಚೆನ್ನಾಗೇ ಇತ್ತು, ಕೊನೆಯಲ್ಲಿ ನಾಲಿಗೆಯ ಮೇಲೆ ಒಂಥರಾ ಕಹಿ ಉಳೀತು ಅಷ್ಟೇ.

ಇವತ್ತು ಬೆಳಿಗ್ಗೆ ಏಳಕ್ಕೇ ಅಕ್ಕನ ಫೋನು. ಭಾವನಿಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 212 ಬಂದಿದೆ. ಹಿಂದಿನಿಂದ ಭಾವನ ದನಿ ಕೇಳಿಸುತ್ತಿತ್ತು, “ನಿನ್ನೆ ತಿಂದಿದ್ದು ಪೂರಾ ಶುಗರ್ ಫ್ರೀ ಕಣೇ, ಮೆಷಿನ್ನೇ ಕೆಟ್ಟಿರ್ಬೇಕು ಅಂತ ಹೇಳು.” ಮೂರು ಹೋಳಿಗೆ, ಎರಡು ಸಲ ಪಾಯಸ ಅವರ ಲೆಕ್ಕದಲ್ಲೇ ಇಲ್ಲ. ಅಕ್ಕ ಫೋನು ಇಡುವ ಮೊದಲು ತಗ್ಗಿದ ದನಿಯಲ್ಲಿ ಕೇಳಿದಳು, “ಈ ವಾರ ಬರುವಾಗ ನಿನ್ನ ಮೆಷಿನ್ ತರ್ತೀಯಾ? ಇವ್ರು ಇದನ್ನ ನಂಬ್ತಾ ಇಲ್ಲ.”

ತಗೊಂಡು ಹೋಗುತ್ತೇನೆ. ಅಲ್ಲೂ ಅಷ್ಟೇ ಬಂದರೆ ಸ್ಟ್ರಿಪ್ ಹಳೆಯದು ಅಂತಾರೆ, ನೋಡ್ತಾ ಇರಿ.