ಬಿಡಿಸಿ ಹೇಳಿ

ಮನೆಯಿಂದಲೇ ಕೆಲಸ ಮಾಡುವ ದಿನ. ಮೀಟಿಂಗ್ ಮುಗಿಸಿ ಹಾಲ್‌ಗೆ ಬಂದರೆ ಅಪ್ಪ ಪೇಪರ್ ಮಡಿಸಿ ಕೇಳಿದರು. "ಅವನ್ಯಾರೋ ಆಗಿನಿಂದ ಇಓಡಿ ಇಓಡಿ ಅಂತಿದ್ನಲ್ಲ, ಎಲ್ಲಿಗೆ ಓಡ್ಬೇಕಂತೆ?"

"ಎಂಡ್ ಆಫ್ ಡೇ ಅಪ್ಪ. ಸಂಜೆಯೊಳಗೆ ಕೆಲಸ ಮುಗಿಸ್ಬೇಕು ಅಂತ."

"ಸಂಜೆಯೊಳಗೆ ಅಂದ್ರೆ ಸಾಲ್ದಾ?"

ಸಾಲದು. ಸಂಜೆಗಾದರೆ ಹೊತ್ತು ಮುಳುಗುತ್ತದೆ. ಇಓಡಿಗೆ ಅಂಥ ಕಟ್ಟುಪಾಡಿಲ್ಲ. ನಮ್ಮ ಕ್ಲೈಂಟ್ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಸಂಜೆಯಾಗುವ ಹೊತ್ತಿಗೆ ಇಲ್ಲಿ ಹಾಲಿನವನು ಬಂದು ಹೋಗಿರುತ್ತಾನೆ.

ಆಫೀಸಿನ ಈ ಮೊಟಕು ಭಾಷೆಯಲ್ಲಿ ಗೊತ್ತಿಲ್ಲದ್ದನ್ನು ಸೇರಿದ ಮೊದಲ ವಾರದಲ್ಲೇ ಕೇಳಿಬಿಡಬೇಕು. ಆಮೇಲೆ ಕೇಳಿದರೆ ಮರ್ಯಾದೆ ಪ್ರಶ್ನೆ. ನನ್ನದು ಇನ್ನೂ ದೊಡ್ಡ ತಪ್ಪು, ಗೊತ್ತಿದೆ ಅಂದುಕೊಂಡಿದ್ದೆ. ಒಮ್ಮೆ ಮ್ಯಾನೇಜರ್ "ಶುಕ್ರವಾರದೊಳಗೆ ಪಿಒಸಿ ಕೊಡಿ" ಅಂದರು. ಪಿಒಸಿ ಅಂದರೆ ಪ್ರೂಫ್ ಆಫ್ ಕಾನ್ಸೆಪ್ಟ್, ಅಂದುಕೊಂಡದ್ದು ನಡೆಯುತ್ತದಾ ಅಂತ ನೋಡಲು ಕಟ್ಟುವ ಪುಟ್ಟ ಮಾದರಿ. ಎರಡು ರಾತ್ರಿ ನಿದ್ದೆಗೆಟ್ಟು ಕಟ್ಟಿದೆ. ಶುಕ್ರವಾರ ತೋರಿಸಿದರೆ ಅವರು ಕಣ್ಣು ಪಿಳಿಪಿಳಿ ಬಿಟ್ಟರು. ಅವರು ಕೇಳಿದ್ದು ಪಾಯಿಂಟ್ ಆಫ್ ಕಾಂಟ್ಯಾಕ್ಟ್. ಒಂದು ಹೆಸರು, ಒಂದು ಫೋನ್ ನಂಬರ್. ಅಷ್ಟೇ!

ಇನ್ನು ಪಿಎಫ್‌ಎ. ಪ್ಲೀಸ್ ಫೈಂಡ್ ಅಟ್ಯಾಚ್ಡ್. ಆ ಮೂರಕ್ಷರ ಬಂದ ಮೇಲ್‌ಗೆ ಫೈಲ್ ಲಗತ್ತಿಸುವುದನ್ನೇ ಮರೆತಿರುತ್ತಾರೆ. ಹುಡುಕಿಕೊಳ್ಳಿ ಅಂದದ್ದು ಸುಮ್ನೆ ಅಲ್ಲ.

ಪಿಒಸಿ ಕಥೆ ಕೇಳಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ರೇಗಿತು. ಇವರೇನು ಕಮ್ಮಿಯಾ? ತಾಲ್ಲೂಕು ಕಚೇರಿಗೆ ಎಸ್‌ಡಿಎ ಆಗಿ ಸೇರಿ, ಎಫ್‌ಡಿಎ ಆಗಿ, ಆರ್‌ಐ, ವಿಎ, ಎಸಿ, ಡಿಸಿ ಅಂತ ಜೀವನವಿಡೀ ಇಂಗ್ಲಿಷ್ ಅಕ್ಷರಮಾಲೆಯ ಜೊತೆ ಏಗಿದವರು. ಕೊನೆಗೆ ಶಿರಸ್ತೇದಾರರಾದರು. ಆ ಪದವನ್ನು ಮಾತ್ರ ಯಾರೂ ಮೊಟಕು ಮಾಡಿಲ್ಲ, ಪುಣ್ಯ.

"ಅಪ್ಪ, ಆರ್‌ಟಿಸಿ ಅಂದ್ರೇನು?"

"ಪಹಣಿ. ಅಷ್ಟೂ ಗೊತ್ತಿಲ್ವಾ?"

"ಅರ್ಥ ಅಲ್ಲ, ಬಿಡಿಸಿ ಹೇಳಿ."

"ರೆಕಾರ್ಡ್ ಆಫ್ ರೈಟ್ಸ್..." ಅಂದವರು ಅಲ್ಲೇ ನಿಂತರು. ಫ್ಯಾನ್ ನೋಡಿದರು. ಅಡುಗೆಮನೆ ಕಡೆ ನೋಡಿದರು. ಸಾವಿರಾರು ಪಹಣಿ ತಿದ್ದಿದ ಕೈ ಅದು. ಕೊನೆಗೆ ನಾನೇ ಮೊಬೈಲ್ ನೋಡಿ "ಟೆನೆನ್ಸಿ ಅಂಡ್ ಕ್ರಾಪ್ಸ್" ಅಂದೆ.

ಅಪ್ಪ ಮತ್ತೆ ಪೇಪರ್ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಅದರ ಹಿಂದಿನಿಂದ ಮೆಲ್ಲಗೆ ದನಿ ಬಂತು. "ಸದ್ಯ, ಸರ್ವೀಸಲ್ಲಿದ್ದಾಗ ಯಾರೂ ಕೇಳ್ಲಿಲ್ಲ ಕಣೋ."