ಯಾವ ಹೆಗಡೆ?

ಅಕ್ಕನ ಮಗ ರಜೆಗೆ ಶಿರಸಿಗೆ ಬಂದರೆ ಅವನ ಲ್ಯಾಪ್‌ಟಾಪಿನ ಗೋಳೆಲ್ಲ ನನ್ನ ತಲೆಗೆ. ಇವತ್ತು ದೋಸೆ ಇನ್ನೂ ಮುರಿದಿರಲಿಲ್ಲ, ಒಳಗಿನಿಂದ ಕೂಗು. “ಮಾವ, ಪೈಥಾನ್ ಹಾಳಾಯ್ತು!”

ಪೈಥಾನ್ ಅಂದರೆ ಪ್ರೋಗ್ರಾಂ ಬರೆಯುವ ಭಾಷೆ, ಅದೆಲ್ಲಿ ಹಾಳಾಗುತ್ತದೆ? ಚಾಲಿ ಅಡಿಕೆ ದರದ ಸರಾಸರಿ ತೆಗೆಯಲು ಮಹರಾಯ ಪ್ರೋಗ್ರಾಂ ಬರೆದಿದ್ದ. ಅದಕ್ಕೆಂದೇ ಇರುವ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲನ್ನು, ಅಂದರೆ ಪೈಥಾನ್ ಜೊತೆಗೇ ಬರುವ ಸಿದ್ಧ ಕೋಡನ್ನು, ಇಂಪೋರ್ಟ್ ಮಾಡಿ ಕರೆಸಿಕೊಂಡಿದ್ದ. ಸರಿಯೇ. ಆದರೆ ತನ್ನ ಫೈಲಿಗೂ ಸ್ಟ್ಯಾಟಿಸ್ಟಿಕ್ಸ್ ಅಂತಲೇ ಹೆಸರಿಟ್ಟಿದ್ದ. ಪೈಥಾನ್ ಹುಡುಕುವ ಜಾಗಗಳ ಪಟ್ಟಿಯಲ್ಲಿ ಮೊದಲು ಬರುವುದು ನಾವು ಓಡಿಸುವ ಫೈಲಿನ ಫೋಲ್ಡರು. ಅಲ್ಲಿ ಹೆಸರು ಸಿಕ್ಕರೆ ಮುಂದೆ ನೋಡುವುದಿಲ್ಲ. ಹಾಗಾಗಿ ಫೈಲು ತನ್ನನ್ನೇ ತಾನು ಇಂಪೋರ್ಟ್ ಮಾಡಿಕೊಂಡು ಕೂತಿತ್ತು. ಪೈಥಾನ್‌ನ 3.13ನೇ ಆವೃತ್ತಿಯಲ್ಲಾದರೆ ‘ಹೆಸರು ಬದಲಿಸು’ ಅಂತ ಎರರ್ರೇ ಹೇಳುತ್ತದೆ. ಇವನದು ಹಳೆಯದು. ಅಪ್‌ಡೇಟ್ ಮಾಡೋ ಅಂದರೆ ಮಳೆ, ಕರೆಂಟಿಲ್ಲ ಅನ್ನುತ್ತಾನೆ. ಗೇಮ್ ಆಡಲು ಮಾತ್ರ ಇರುತ್ತದೆ.

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ‘ಹೆಗಡೇರೇ’ ಅಂತ ಕರೆದು ನೋಡಿ. ಅರ್ಧ ಬಸ್ಸು ತಿರುಗುತ್ತದೆ. ಪೈಥಾನ್‌ಗೆ ಹತ್ತಿರ ನಿಂತು ‘ಓ’ ಅಂದವನೇ ಹೆಗಡೆ. ನಮ್ಮೂರ ಹಳೇ ಪೋಸ್ಟ್‌ಮನ್ ಹಾಗಿರಲಿಲ್ಲ. ವಿಳಾಸದಲ್ಲಿ ಬರೀ ಹೆಗಡೆ ಅಂತಿದ್ದರೂ ಅಕ್ಷರ ನೋಡಿಯೇ ಯಾವ ಮನೆಯ ಮಗ ಬರೆದದ್ದು ಅಂತ ಗುರುತು ಹಿಡಿಯುತ್ತಿದ್ದರು. ಕಾಗದ ಕೊಟ್ಟು, ಮಜ್ಜಿಗೆ ಕುಡಿದು, ಆಚೆ ಮನೆಯ ಸುದ್ದಿಯನ್ನೂ ಹೇಳಿ ಹೋಗುತ್ತಿದ್ದರು. ಈಗ ಕೊರಿಯರ್ ಹುಡುಗ ಗೇಟಿನಾಚೆಯಿಂದ ಫೋನ್ ಮಾಡುತ್ತಾನೆ. ಅದೂ ನೆಟ್‌ವರ್ಕ್ ಇದ್ದರೆ.

ಹೆಸರು ಬದಲಿಸಿಕೊಟ್ಟೆ. ಸಂಜೆ ಮತ್ತೆ ಕೂಗು. ಈ ಸಲ ನೆಟ್ಟಿನಿಂದ ದರ ತರುವ ಪ್ರೋಗ್ರಾಂ. ‘ಇಮೇಲ್ ಪ್ಯಾಕೇಜ್ ಅಲ್ಲ’, ಅಂದರೆ ಮಾಡ್ಯೂಲುಗಳ ಗಂಟು ಅಲ್ಲ, ಅಂತ ಎರರ್ರು. “ನಾನು ಇಮೇಲ್ ಸುದ್ದಿಗೇ ಹೋಗಿಲ್ಲ ಮಾವ, ದೇವರಾಣೆ” ಅಂದ. ನಿಜ, ಪ್ರೋಗ್ರಾಮಿನಲ್ಲಿ ಆ ಶಬ್ದವೇ ಇರಲಿಲ್ಲ. ಸಾಲು ಸಾಲು ನೋಡಿದೆ. ಕಣ್ಣು ಉರಿಯಿತು. ಆಮೇಲೆ ಫೋಲ್ಡರ್ ತೆರೆದರೆ ಹೋದ ರಜೆಯಲ್ಲಿ ಬರೆದು ಬಿಟ್ಟ ಇಮೇಲ್ ಡಾಟ್ ಪಿವೈ ಅನ್ನುವ ಪೈಥಾನ್ ಫೈಲು ಮೂಲೆಯಲ್ಲಿ ಸುಮ್ನೆ ಕೂತಿದೆ! ಇವನು ಕರೆದದ್ದು ನೆಟ್ಟಿನಿಂದ ತರುವ ಮಾಡ್ಯೂಲು ಯುಆರ್‌ಎಲ್‌ಲಿಬ್. ಅದು ಒಳಗೊಳಗೆ ಎಚ್‌ಟಿಟಿಪಿ ಮಾಡ್ಯೂಲನ್ನು ಕರೆಯುತ್ತದೆ, ಅದು ಪೈಥಾನ್‌ನದೇ ಇಮೇಲನ್ನು. ಬಂದು ನಿಂತದ್ದು ಇವನ ಇಮೇಲು.

“ಟೈಮ್ ಡಾಟ್ ಪಿವೈ ಅಂತಲೂ ಇಟ್ಟಿದ್ದೆ, ಏನೂ ಆಗಲಿಲ್ಲವಲ್ಲ” ಅಂತ ವಾದ ಬೇರೆ. ಟೈಮ್ ಪೈಥಾನ್‌ನ ಹೊಟ್ಟೆಯೊಳಗೇ ಇರುತ್ತದೆ, ಫೋಲ್ಡರ್ ನೋಡುವ ಮೊದಲೇ ಸಿಗುತ್ತದೆ ಅಂದೆ. ಕೇಳಿಸಿಕೊಂಡನೋ ಇಲ್ಲವೋ.

ಇಡಬಾರದ ಹೆಸರುಗಳ ಪಟ್ಟಿ ಪೈಥಾನ್‌ನ ಸಿಸ್ ಮಾಡ್ಯೂಲಿನಲ್ಲೇ ಇದೆ, 3.10ರಿಂದ ಕೊಡುತ್ತಿದ್ದಾರೆ, ಒಮ್ಮೆ ಓದು ಅಂತ ಕೈ ಮುಗಿದೆ. ಹುಡುಗ ಖುಷಿಯಾದ. ಆ ಪಟ್ಟಿ ನೋಡಲೆಂದೇ ಒಂದು ಪ್ರೋಗ್ರಾಂ ಬರೆದು ಸೇವ್ ಮಾಡಿದ, ಇನ್‌ಸ್ಪೆಕ್ಟ್ ಡಾಟ್ ಪಿವೈ ಅಂತ. ಅದೂ ಆ ಪಟ್ಟಿಯಲ್ಲಿದೆ.