ಬಳಪ ತಿನ್ನುವವರ ಅಕ್ಷರಾಭ್ಯಾಸ

ವಿಜಯದಶಮಿಯ ದಿನ ತಟ್ಟೆಯ ಅಕ್ಕಿಯಲ್ಲಿ ತಾತ ಮೊಮ್ಮಗುವಿನ ಬೆರಳು ಹಿಡಿದು ‘ಓಂ’ ಬರೆಸುತ್ತಾರೆ. ಮಗು ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಯವರೆಗೆ ಎಲ್ಲವೂ ಸರಿ. ಎಡವಟ್ಟು ಶುರುವಾಗುವುದು ಮರುದಿನ, ಅಪ್ಪ ಎರಡು ಗೆರೆಯ ಕಾಪಿ ಪುಸ್ತಕ ತಂದು ‘ಹತ್ತು ಸಲ ಅ ಬರಿ, ಪುಟ್ಟಾ’ ಎಂದಾಗ.

ವರ್ಣಮಾಲೆಯಲ್ಲಿ ಮೊದಲು ನಿಂತಿದೆ ಎಂಬ ಒಂದೇ ಕಾರಣಕ್ಕೆ ಈ ‘ಅ’ ಎಷ್ಟು ಮಕ್ಕಳನ್ನು ಅಳಿಸಿದೆಯೋ! ಮೂರು ವರ್ಷದ ಕೈಗೆ ಅದು ಚಕ್ಕುಲಿ ಸುತ್ತುವ ಕೆಲಸ. ಮಣಿಕಟ್ಟಿನ 8 ಪುಟ್ಟ ಮೂಳೆಗಳಲ್ಲಿ ಹಲವು ಆ ವಯಸ್ಸಿಗೆ ಇನ್ನೂ ಮೆದು, ಬೆರಳ ಸ್ನಾಯುಗಳು ಎಳಸು. ಪೆನ್ಸಿಲ್ಲನ್ನು ಒನಕೆಯಂತೆ ಹಿಡಿಯುವುದು ಹಟಕ್ಕಲ್ಲ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿ, ಈ ಸರದಿಯನ್ನೇ ಮುರಿಯಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಒಂದು ಸೊನ್ನೆ ಸುತ್ತಿ ಮೇಲೊಂದು ತಲೆಕಟ್ಟು ಇಟ್ಟರೆ ‘ರ’ ಮುಗಿಯಿತು. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ದರದರ, ಗರಗಸ ಎಲ್ಲ ಕೈಗೆ ಬರುತ್ತವೆ. ಹಳೇ ಕ್ರಮದಲ್ಲಿ ‘ಋ’ ದಾಟುವಷ್ಟರಲ್ಲೇ ಮಗು ಸುಸ್ತು. ಅದೂ ಚಾರ್ಟಿನ ಋಷಿಯನ್ನು ತೋರಿಸಿ ‘ಇದೇನು?’ ಎಂದರೆ ‘ತಾತ’ ಎನ್ನುತ್ತದೆ. ತಪ್ಪೇನೂ ಅಲ್ಲ.

ಅಕ್ಷರಕ್ಕಿಂತ ಮುಂಚೆ ಬೆರಳಿಗೆ ಕಸರತ್ತು ಬೇಕು. ಅದಕ್ಕೆ ಹಿತಕವರೆಯಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬರಿಲ್ಲ. ರಾತ್ರಿ ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಸುಕಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಬಳಪ ಹಿಡಿಯಲು ಬೇಕಾದ ಹಿಡಿತವೂ ಇದೇ. ಅರ್ಧ ಬೇಳೆ ಸೋಫಾದ ಕೆಳಗೆ ಹೋಗುತ್ತದೆ, ಹೋಗಲಿ. ಒಂದು ಕಾಳು ಮೂಗಿನೊಳಗೆ ಹೋದರೆ ಮಾತ್ರ ಆಸ್ಪತ್ರೆಯೇ ಗತಿ, ಆದ್ದರಿಂದ ಪಕ್ಕದಲ್ಲೇ ಕೂತಿರಿ.

ಆಮೇಲೆ ಗಾಳಿಯಲ್ಲಿ ತೋಳು ಬೀಸಿ ದೊಡ್ಡ ‘ರ’, ನೀರದ್ದಿದ ಬೆರಳಿನಲ್ಲಿ ನೆಲದ ಮೇಲೆ ‘ರ’, ತಟ್ಟೆಯಲ್ಲಿ ಅರ್ಧ ಇಂಚು ರವೆ ಹರಡಿ ‘ರ’. ಸ್ಲೇಟು ಆಮೇಲೆ. ಕಾಪಿ ಪುಸ್ತಕ ಎಲ್ಲಕ್ಕಿಂತ ಕೊನೆಗೆ. ದಿನಕ್ಕೆ 10 ನಿಮಿಷ ಸಾಕು. ಹನ್ನೊಂದನೆಯ ನಿಮಿಷಕ್ಕೆ ರವೆ ತಲೆಯ ಮೇಲಿರುತ್ತದೆ.

ಉದ್ದ ಬಳಪ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಒಂದು ಇಂಚಿಗೆ ಮುರಿದು ಕೊಡಿ, ಮುಷ್ಟಿಗೆ ಜಾಗವೇ ಸಿಗದೆ ಮೂರು ಬೆರಳು ತಾವಾಗಿ ಕೂರುತ್ತವೆ. ಆದರೆ ಒಂದು ಇಂಚು ಗಂಟಲಿಗೂ ಸರಿಯಾದ ಅಳತೆ. ಎಲ್ಲವನ್ನೂ ಬಾಯಿಗಿಡುವ ವಯಸ್ಸು ದಾಟಿದ ಮೇಲೆ ಮಾತ್ರ ಈ ಉಪಾಯ. ಬಳಪವನ್ನು ಒಮ್ಮೆ ರುಚಿ ನೋಡಿದರೆ ಕುತೂಹಲ ಎನ್ನಿ. ದಿನಾ ಕಡಿದು ನುಂಗುತ್ತಿದ್ದರೆ ಬೈಯುವುದನ್ನು ಬಿಟ್ಟು ವೈದ್ಯರಿಗೆ ತೋರಿಸಿ. ಕಬ್ಬಿಣಾಂಶದ ಕೊರತೆಯಿದ್ದರೂ ಹೀಗಾಗುತ್ತದೆ.

ತಲೆಕಟ್ಟಿನದು ಬೇರೆಯೇ ರಾಮಾಯಣ. ಮೊದಲು ಅದು ಅಕ್ಷರವನ್ನು ಬಿಟ್ಟು ಗಾಳಿಪಟದಂತೆ ಮೇಲೆ ಹಾರಾಡುತ್ತದೆ. ಅದನ್ನು ಕೆಳಗಿಳಿಸಿದಿರೋ, ಮಗು ಸಮಾಜವಾದಿಯಾಗಿ ಬ, ಲ, ಜ ಅಕ್ಷರಗಳಿಗೂ ತಲೆಕಟ್ಟು ತೊಡಿಸುತ್ತದೆ. ‘ಇವು ಬೋಳುತಲೆಯವು’ ಎಂದು ಮೂರನ್ನೂ ಒಟ್ಟಿಗೆ ಕಲಿಸಿದರೆ ಗೊಂದಲ ಕಡಿಮೆ. ಬೋಳುತಲೆಯ ಮಾವಂದಿರು ಮನೆಗೆ ಬಂದಾಗ ಈ ಪಾಠ ಬೇಡ.

ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಆದರೆ ಗಾಬರಿ ಬೇಡ, ಆರೇಳು ವರ್ಷದವರೆಗೂ ಅದು ಮಾಮೂಲು. ಎಡಚ ಮಗುವಾದರೆ ಬರೆದದ್ದನ್ನೆಲ್ಲ ಹಿಂದಿನಿಂದ ಬರುವ ತನ್ನ ಕೈಯೇ ಒರೆಸಿಕೊಂಡು ಹೋಗುತ್ತದೆ. ಸ್ಲೇಟಿನ ಮೇಲ್ತುದಿಯನ್ನು ಬಲಕ್ಕೆ ಸ್ವಲ್ಪ ವಾಲಿಸಿಡಿ. ಕೈ ಬದಲಿಸುವುದಕ್ಕೆ ಅಜ್ಜಿಯನ್ನು ಬಿಡಬೇಡಿ.

ಇನ್ನು ಗೋಡೆ. ಡಿಸ್ಟೆಂಪರ್ ಗೋಡೆಯನ್ನು ಉಜ್ಜಿದರೆ ಕ್ರೇಯಾನ್ ಜೊತೆ ಬಣ್ಣವೂ ಬರುತ್ತದೆ. ಮಗುವಿನ ಎದೆಮಟ್ಟಕ್ಕೆ ನಡುಮನೆಯ ಒಂದು ಮೂಲೆಗೆ ಕಪ್ಪುಹಲಗೆಯ ಬಣ್ಣ ಬಳಿಸುವುದು ಅಗ್ಗ. ಅಷ್ಟಾದ ಮೇಲೂ ಫ್ರಿಜ್ಜಿನ ಬಾಗಿಲ ಮೇಲೆ ‘ಗರಗಸ’ ಕಂಡರೆ, ಒರೆಸುವ ಮುನ್ನ ತಲೆಕಟ್ಟು ನಾಲ್ಕೂ ಇವೆಯೇ ಎಣಿಸಿ.